ಪರಮಾಣುವನ್ನು ಕಂಡವರಾರು?

(ಶ್ರೀಗಂಧದ ಕಾವಲಿನಲ್ಲಿ ನಡೆದ ವಾಚಕರ ಕೂಟದಲ್ಲಿ, ಸಭಿಕರು ಬರೆದುಕೊಟ್ಟ ಪ್ರಶ್ನೆಗಳನ್ನು ಮುಂದಿಟ್ಟುಕೊಂಡು ಮಾಡಿದ ಭಾಷಣ)



ಭೌತಶಾಸ್ತ್ರದ ಮೇಲೆ ಮಾತನಾಡುವುದಕ್ಕೆ ಪಕ್ಷದ ಸಂಘಟಕನಿಗೇನು ಅಧಿಕಾರ ಎಂದು ನಿಮ್ಮಲ್ಲಿ ಕೆಲವರಿಗೆ ಅನ್ನಿಸಿರಬಹುದು. ನಾನು ಓದಿದ್ದು ಮೆಟ್ರಿಕ್‌ವರೆಗೆ. ಆಮೇಲೆ ಕೆಲವು ವರ್ಷ ಮಕ್ಕಳಿಗೆ ಪಾಠ ಹೇಳಿದೆ. ಪಾಠ ಹೇಳಿದವನಿಗೆ ಒಂದು ಚಾಳಿ ಅಂಟಿಕೊಂಡುಬಿಡುತ್ತದೆ. ಯಾರಾದರೂ ಪ್ರಶ್ನೆ ಕೇಳಿದರೆ, ಉತ್ತರ ಹುಡುಕಿ ತಂದು ಒಪ್ಪಿಸುವವರೆಗೆ ಅವನಿಗೆ ನಿದ್ದೆ ಬಾರದು. ಅಷ್ಟೇ ನನ್ನ ಅಧಿಕಾರ.

ಈ ಸಭೆಗೆ ಕಾರಣ ನಿಮಗೆ ತಿಳಿದದ್ದೇ. ನಮ್ಮ ಬೀದಿಗಳಲ್ಲಿ ಮೂರು ತಿಂಗಳಿಂದ ಒಂದು ಕರಿಯ ಬಿಲ್ಲೆ ಮಾರಾಟವಾಗುತ್ತಿದೆ. ಕೊರಳಿಗೆ ಹಾಕಿಕೊಳ್ಳತಕ್ಕದ್ದು. ಬೆಲೆ ಕೆಲವು ಸಾವಿರ ರೂಪಾಯಿ. ಇದರಲ್ಲಿ "ಕ್ವಾಂಟಮ್ ಶಕ್ತಿ" ತುಂಬಿದೆ, ರಕ್ತದೊತ್ತಡ ಇಳಿಯುತ್ತದೆ, ಮಂಡಿನೋವು ಹೋಗುತ್ತದೆ ಎಂದು ಮಾರುವವರು ಹೇಳುತ್ತಾರೆ. ಗಾರ್ಮೆಂಟ್ಸಿನಲ್ಲಿ ಹೊಲಿಗೆ ಕೆಲಸ ಮಾಡುವ ಒಬ್ಬ ಅಕ್ಕ ಚೀಟಿ ಎತ್ತಿದ ಹಣದಲ್ಲಿ ಅದನ್ನು ಕೊಂಡು, ಒತ್ತಡದ ಮಾತ್ರೆ ನಿಲ್ಲಿಸಿಬಿಟ್ಟರು. ಒಂದು ದಿನ ಮಿಷನ್ನಿನ ಮುಂದೆಯೇ ತಲೆಸುತ್ತಿ ಬಿದ್ದರು. ಈಗ ಮಾತ್ರೆ ಮತ್ತೆ ತೆಗೆದುಕೊಳ್ಳುತ್ತಿದ್ದಾರೆ, ಸುಖವಾಗಿದ್ದಾರೆ, ಈ ಸಭೆಯಲ್ಲಿಯೂ ಇದ್ದಾರೆ. ಅವರು ನನ್ನನ್ನು ಕೇಳಿದ್ದು ಇಷ್ಟು: "ಮೇಷ್ಟ್ರೇ, ಕ್ವಾಂಟಮ್ ಅಂದರೆ ನಿಜವೋ ಸುಳ್ಳೋ, ಅಷ್ಟು ಹೇಳಿ."

ಒಂದು ಮಾತಿನಲ್ಲಿ ಹೇಳಲಾಗದ್ದೇ ತೊಂದರೆ. ಕ್ವಾಂಟಮ್ ನಿಜ, ಬಿಲ್ಲೆ ಸುಳ್ಳು. ಈ ಎರಡನ್ನೂ ಒಟ್ಟಿಗೆ ತಿಳಿಯಬೇಕಾದರೆ ಸ್ವಲ್ಪ ಸುತ್ತಿ ಬರಬೇಕು. ಹಾಗಾದರೆ ಎಲ್ಲರೂ ತಮ್ಮ ತಮ್ಮ ಪ್ರಶ್ನೆಗಳನ್ನು ಬರೆದು ಕೊಡಿ ಎಂದೆ. ಹದಿನೇಳು ಕಾಗದ ಬಂದವು. ಇಷ್ಟು ಒಳ್ಳೆಯ ಪ್ರಶ್ನೆಗಳನ್ನು ನಾನು ಶಾಲೆಯಲ್ಲಿ ಕೇಳಿರಲಿಲ್ಲ. ಶಾಲೆಯಲ್ಲಿ ಪರೀಕ್ಷೆಗೆ ಬರುವುದನ್ನು ಮಾತ್ರ ಕೇಳುತ್ತಾರಷ್ಟೆ.

ಮೊದಲ ಕಾಗದ: "ಪರಮಾಣು ಪರಮಾಣು ಅನ್ನುತ್ತಾರೆ, ಅದನ್ನು ಕಂಡವರು ಯಾರು?"

ನಮ್ಮ ಊರಿನ ಹೆಸರಿನಿಂದಲೇ ಹೊರಡೋಣ. ಶ್ರೀಗಂಧದ ಕಾವಲು. ಗಂಧದ ಮರಗಳೂ ಕಾವಲೂ ಸೈಟುಗಳಾಗಿ ಹೋದವು, ಹೆಸರು ಬೋರ್ಡಿನ ಮೇಲೆ ಉಳಿದಿದೆ. ಆ ದುಃಖ ಹಾಗಿರಲಿ. ಮನೆಯ ಒಂದು ಮೂಲೆಯಲ್ಲಿ ಗಂಧದ ಕೊರಡನ್ನು ತೇಯ್ದರೆ ಇನ್ನೊಂದು ಮೂಲೆಯಲ್ಲಿ ಕುಳಿತವರಿಗೆ ವಾಸನೆ ಬರುತ್ತದೆ. ಕೊರಡು ಅಲ್ಲೇ ಇದೆ, ಏನೋ ಒಂದು ಇಲ್ಲಿಗೆ ಬಂದು ಮೂಗು ಮುಟ್ಟಿದೆ. ಕಣ್ಣಿಗೆ ಕಾಣದಷ್ಟು ಸಣ್ಣ ಚೂರುಗಳು ಕೊರಡಿನಿಂದ ಎದ್ದು, ಗಾಳಿಯ ಚೂರುಗಳೊಡನೆ ಢಿಕ್ಕಿ ಹೊಡೆಯುತ್ತ ಅಲೆದುಕೊಂಡು ಬಂದಿವೆ. ಊಹೆಗೆ ಇಷ್ಟು ಸಾಕು, ರುಜುವಾತಿಗೆ ಸಾಲದು.

ರುಜುವಾತು ಹೀಗೆ ಸಿಕ್ಕಿತು. ೧೮೨೭ರಲ್ಲಿ ರಾಬರ್ಟ್ ಬ್ರೌನ್ ಎಂಬ ಸಸ್ಯವಿಜ್ಞಾನಿ, ಹೂವಿನ ಪರಾಗದ ಒಳಗಿನ ಸೂಕ್ಷ್ಮ ಕಣಗಳು ನೀರಿನಲ್ಲಿ ಸುಮ್ಮನೆ ನಿಲ್ಲದೆ ನಡುಗುತ್ತಿರುವುದನ್ನು ಸೂಕ್ಷ್ಮದರ್ಶಕದಲ್ಲಿ ಕಂಡ. ಜೀವವಿರುವುದಕ್ಕೆ ಹೀಗೋ ಎಂದು ಕಲ್ಲಿನ ಪುಡಿ ಹಾಕಿ ನೋಡಿದ. ಅದೂ ನಡುಗಿತು. ಕಾರಣ ತಿಳಿಯಲು ಮುಕ್ಕಾಲು ಶತಮಾನ ಬೇಕಾಯಿತು. ಜಾತ್ರೆಯ ನೂಕುನುಗ್ಗಲಿನಲ್ಲಿ ತೇರಿನ ಪಕ್ಕ ಸಿಕ್ಕಿಕೊಂಡವನನ್ನು ನೆನೆಯಿರಿ. ಎಲ್ಲ ಕಡೆಯಿಂದಲೂ ತಳ್ಳು ಬೀಳುತ್ತದೆ, ಒಂದು ಕ್ಷಣ ಎಡಗಡೆಯದು ಹೆಚ್ಚು, ಮರುಕ್ಷಣ ಬಲಗಡೆಯದು. ಅವನು ಎಲ್ಲಿಗೂ ಹೋಗಲೊಲ್ಲ, ನಿಲ್ಲಲೂ ಆಗದು. ಜನ ಕಾಣದಷ್ಟು ದೂರದ ಗುಡ್ಡದ ಮೇಲಿಂದ ಅವನ ಕೆಂಪು ರುಮಾಲು ಒಂದನ್ನೇ ನೋಡುವವನೂ ಅಲ್ಲಿ ಜನರಿದ್ದಾರೆಂದು ಹೇಳಬಲ್ಲ. ಈ ರುಮಾಲಿನ ಲೆಕ್ಕವನ್ನು ೧೯೦೫ರಲ್ಲಿ ಐನ್‌ಸ್ಟೈನ್ ಬರೆದು ತೋರಿಸಿದರು. ಆಗ ಅವರು ಸ್ವಿಟ್ಜರ್ಲೆಂಡಿನ ಪೇಟೆಂಟ್ ಕಚೇರಿಯಲ್ಲಿ ನೌಕರ. ಪ್ಯಾರಿಸ್ಸಿನ ಜ್ಯಾಂ ಪೆರ್ರ್ಯಾಂ ಮುಂದಿನ ಕೆಲವು ವರ್ಷಗಳಲ್ಲಿ ಅಳೆದು ನೋಡಿ, ಲೆಕ್ಕ ಸರಿ ಎಂದು ತೋರಿಸಿದರು. ಒಂದು ಚಮಚ ನೀರಿನಲ್ಲಿ ಇರುವ ನೀರಿನ ಅಣುಗಳು ಒಂದರ ಮುಂದೆ ಇಪ್ಪತ್ತಮೂರು ಸೊನ್ನೆ ಹಾಕಿದರೆ ಬರುವ ಸಂಖ್ಯೆಗಿಂತ ಹೆಚ್ಚು. ಈಗಂತೂ, ೧೯೮೧ರಿಂದ ಈಚೆಗೆ, ಮೊನಚು ಸೂಜಿಯಿಂದ ತಡವಿ ಒಂದೊಂದು ಪರಮಾಣುವಿನ ಉಬ್ಬುತಗ್ಗನ್ನೂ ಚಿತ್ರ ಬರೆಯುವ ಯಂತ್ರವಿದೆ. ಕುರುಡರು ಬೆರಳಿನಿಂದ ಓದುವುದಿಲ್ಲವೇ, ಹಾಗೆ.

ಇದೇ ಕಾಗದದ ಹಿಂಬದಿಯಲ್ಲಿ ಬೇರೆ ಕೈಬರಹದಲ್ಲಿ ಒಂದು ಸಾಲು: "ಇದೆಲ್ಲ ನಮ್ಮ ಕಣಾದ ಮಹರ್ಷಿ ಆಗಲೇ ಹೇಳಿದ್ದಲ್ಲವೇ?" ಒಡೆಯಲಾಗದ ಅಣುಗಳಿಂದ ವಸ್ತುಗಳಾಗಿವೆ ಎಂದು ವೈಶೇಷಿಕರು ವಾದಿಸಿದ್ದು ನಿಜ, ಗ್ರೀಸಿನಲ್ಲಿ ಡೆಮಾಕ್ರಿಟಸ್ಸನೂ ವಾದಿಸಿದ. ಹಾಗೆ ಯೋಚಿಸಿದ ತಲೆಗಳಿಗೆ ನಮಸ್ಕಾರ. ಆದರೆ ಮನೆ ಕಟ್ಟಬೇಕೆಂಬ ಯೋಚನೆ ಬೇರೆ, ಗಾರೆಕೆಲಸ ಬೇರೆ. ಅಳೆದದ್ದು, ಎಣಿಸಿದ್ದು, ತಪ್ಪಾದರೆ ಬಿಟ್ಟುಕೊಡುತ್ತೇನೆಂದು ಪಣ ಕಟ್ಟಿದ್ದು ಈಚಿನವರು. ಅಜ್ಜನ ಹೆಸರು ಹೇಳಿಕೊಂಡು ಮೊಮ್ಮಗ ಕೆಲಸ ಬಿಡಬಾರದು.

ಎರಡನೆಯ ಕಾಗದ ಒಬ್ಬ ಬಡಗಿಯಣ್ಣನದು: "ಪರಮಾಣುವಿನ ಒಳಗೆ ಬಹುಪಾಲು ಬರೀ ಬಯಲು ಅನ್ನುತ್ತಾರಲ್ಲ, ಹಾಗಿದ್ದರೆ ನನ್ನ ಕೈ ಮೇಜಿನ ಒಳಗೆ ತೂರಿ ಹೋಗುವುದಿಲ್ಲ ಏಕೆ?"

೧೯೧೧ರಲ್ಲಿ ರುದರ್‌ಫರ್ಡ್ ತೋರಿಸಿದ್ದೇನೆಂದರೆ, ಪರಮಾಣುವಿನ ತೂಕವೆಲ್ಲ ನಡುವಿನ ಬೀಜದಲ್ಲಿದೆ, ಆ ಬೀಜ ಅತಿ ಚಿಕ್ಕದು. ಜಲಜನಕದ ಪರಮಾಣುವನ್ನು ತೆಗೆದುಕೊಳ್ಳಿ. ಬೀಜ ಒಂದು ರಾಗಿಕಾಳಿನಷ್ಟಿದ್ದರೆ ಪರಮಾಣು ಸುಮಾರು ನೂರು ಗಜ ಅಗಲದ ಮೈದಾನದಷ್ಟಾಗುತ್ತದೆ. ಮೈದಾನದ ಉಳಿದ ಭಾಗದಲ್ಲಿ ಇರುವುದು ಎಲೆಕ್ಟ್ರಾನು. ಅದು ಬುಗುರಿಯಂತೆ ಒಂದು ಕಡೆ ಇದ್ದು ಸುತ್ತುವುದಲ್ಲ. ಮೈದಾನವನ್ನೆಲ್ಲ ಮಂಜಿನಂತೆ ಆವರಿಸಿಕೊಂಡಿರುತ್ತದೆ. ಆದ್ದರಿಂದ "ಬರೀ ಬಯಲು" ಎಂಬುದು ಪೂರಾ ಸರಿಯಾದ ಮಾತಲ್ಲ. ಕೈಯ ಪರಮಾಣು ಮೇಜಿನ ಪರಮಾಣುವಿನ ಹತ್ತಿರ ಬಂದಾಗ ಎರಡರ ಎಲೆಕ್ಟ್ರಾನುಗಳೂ ಒಂದನ್ನೊಂದು ತಳ್ಳುತ್ತವೆ. ಇದಲ್ಲದೆ ಇನ್ನೊಂದು ಕಟ್ಟಳೆ ಉಂಟು, ಪೌಲಿ ಎಂಬವರು ೧೯೨೫ರಲ್ಲಿ ಕಂಡದ್ದು: ಎರಡು ಎಲೆಕ್ಟ್ರಾನುಗಳು ಒಂದೇ ಸ್ಥಿತಿಯಲ್ಲಿ ಇರಕೂಡದು. ಒಂದು ಸೀಟಿಗೆ ಒಬ್ಬರೇ. ನಮ್ಮ ಮಾಗಡಿ ರಸ್ತೆಯ ಬಸ್ಸಿನಂತಲ್ಲ, ಇಲ್ಲಿ ಕಂಡಕ್ಟರು ಬಹಳ ಕಟ್ಟುನಿಟ್ಟು. ಬಡಗಿಯಣ್ಣ ಉಳಿ ಹೊಡೆಯುವಾಗ ಮರ ತಡೆಯುವುದೂ, ನಾವೆಲ್ಲ ನೆಲದೊಳಗೆ ಇಳಿದು ಹೋಗದೆ ಈ ಜಮಖಾನದ ಮೇಲೆ ಕುಳಿತಿರುವುದೂ ಈ ಕಟ್ಟಳೆಯಿಂದ.

ಇನ್ನು ಕ್ವಾಂಟಮ್. ನಮ್ಮ ಬಡಾವಣೆಗಳಲ್ಲಿ ಕುಡಿಯುವ ನೀರಿನ ಘಟಕಗಳಿವೆ. ಐದು ರೂಪಾಯಿ ನಾಣ್ಯ ಹಾಕಿದರೆ ಕ್ಯಾನು ತುಂಬುವ ಯಂತ್ರವನ್ನು ನೋಡಿದ್ದೀರಿ. ಅದಕ್ಕೆ ಒಂದು ರೂಪಾಯಿಯ ಐದು ನಾಣ್ಯ ಹಾಕಿ, ನೀರು ಬಾರದು. ಐವತ್ತು ಹಾಕಿ, ಬಾರದು. ನಿಮ್ಮ ಬಳಿ ಒಟ್ಟು ಹಣ ಎಷ್ಟಿದೆ ಎಂಬುದು ಯಂತ್ರಕ್ಕೆ ಬೇಕಿಲ್ಲ, ಒಂದೊಂದು ನಾಣ್ಯ ಎಷ್ಟರದು ಎಂಬುದೇ ಲೆಕ್ಕ. ಬೆಳಕು ವಸ್ತುವಿಗೆ ಶಕ್ತಿ ಕೊಡುವುದು ಹೀಗೆಯೇ, ಇಡಿ ಇಡಿಯ ನಾಣ್ಯಗಳಾಗಿ. ಕೆಂಪು ಬೆಳಕಿನ ನಾಣ್ಯ ಸಣ್ಣದು, ನೀಲಿಯದು ದೊಡ್ಡದು, ಕಣ್ಣಿಗೆ ಕಾಣದ ನೇರಳಾತೀತದ್ದು ಇನ್ನೂ ದೊಡ್ಡದು. ಆ ಒಂದು ಇಡಿ ನಾಣ್ಯಕ್ಕೆ ಕ್ವಾಂಟಮ್ ಎಂದು ಹೆಸರು. ಅದರಲ್ಲಿ ಮಂತ್ರವಿಲ್ಲ.

ಹಳೆಯ ಫೋಟೋ ಸ್ಟುಡಿಯೋಗಳಲ್ಲಿ ಕೆಲಸ ಮಾಡಿದವರು ಇಲ್ಲಿದ್ದರೆ ನೆನಪಿರುತ್ತದೆ. ಕತ್ತಲೆ ಕೋಣೆಯಲ್ಲಿ ಕೆಂಪು ದೀಪ ಉರಿಸುತ್ತಿದ್ದರು. ಕಪ್ಪುಬಿಳುಪು ಫೋಟೋದ ಕಾಗದ ಆ ಕೆಂಪು ದೀಪದ ಕೆಳಗೆ ಎಷ್ಟೋ ಹೊತ್ತು ಇದ್ದರೂ ಕೆಡುತ್ತಿರಲಿಲ್ಲ. ಬಾಗಿಲ ಸಂದಿಯಿಂದ ಹಗಲ ಬೆಳಕು ಒಂದು ಗಳಿಗೆ ಬಿದ್ದರೆ ಸಾಕು, ಕಪ್ಪಾಗುತ್ತಿತ್ತು. ಬೆಳಕು ಬರಿಯ ಅಲೆಯಾಗಿದ್ದರೆ, ಕೆಂಪು ಬೆಳಕೂ ಹೊತ್ತು ಕಳೆದಂತೆ ಶಕ್ತಿ ಕೂಡಿಹಾಕಿ ಕಾಗದವನ್ನು ಕೆಡಿಸಬೇಕಿತ್ತು. ಒಲೆಯ ಮುಂದೆ ದಿನವೆಲ್ಲ ಕುಳಿತ ಹೆಣ್ಣುಮಗಳಿಗೆ ಸೆಕೆಯಾಗುತ್ತದೆ, ಬಿಸಿಲಿನಲ್ಲಿ ಸುಟ್ಟಂತೆ ಚರ್ಮ ಸುಲಿಯುವುದಿಲ್ಲ. ಅದಕ್ಕೂ ಇದೇ ಕಾರಣ. ಈ ವಿಚಾರವನ್ನು ಐನ್‌ಸ್ಟೈನ್ ಅದೇ ೧೯೦೫ರಲ್ಲಿ ಮುಂದಿಟ್ಟರು. ನೊಬೆಲ್ ಬಹುಮಾನ ಬಂದದ್ದೂ ಮುಖ್ಯವಾಗಿ ಇದಕ್ಕೇ.

"ಹಾಗಾದರೆ ಬೆಳಕು ಅಲೆಯೋ ಕಣವೋ, ಒಂದು ತೀರ್ಮಾನ ಹೇಳಿ" ಎಂದು ಇನ್ನೊಂದು ಕಾಗದ. ತೀರ್ಮಾನ ಎರಡರಲ್ಲಿ ಒಂದಾಗಲೇಬೇಕೆಂದು ಹಟ ಹಿಡಿದವರು ನಾವು. ಬೆಳಕು ಹಾಗೆಂದು ಯಾರಿಗೂ ಮಾತು ಕೊಟ್ಟಿಲ್ಲ. ಸಾಗುವಾಗ ಅಲೆಯ ಲೆಕ್ಕದಂತೆ ಸಾಗುತ್ತದೆ, ಕೊಡುವಾಗ ತೆಗೆದುಕೊಳ್ಳುವಾಗ ನಾಣ್ಯದ ಲೆಕ್ಕ. ಎಲೆಕ್ಟ್ರಾನೂ ಹಾಗೆಯೇ. ನಮ್ಮ ಭಾಷೆಯ ಅಲೆ, ಕಣ ಎಂಬ ಎರಡು ಮಾತುಗಳೂ ಕೆರೆ ಮತ್ತು ಮರಳನ್ನು ನೋಡಿ ಹುಟ್ಟಿದವು. ಅವು ಪರಮಾಣುವಿನ ಒಳಗೂ ಸಾಲಬೇಕೆಂದರೆ ಹೇಗೆ?

ಈ ನಾಣ್ಯದ ವ್ಯವಹಾರಕ್ಕೂ ನಮ್ಮ ಬೆಂಗಳೂರಿಗೂ ಒಂದು ನಂಟಿದೆ. ೧೯೨೮ರ ಫೆಬ್ರವರಿ ೨೮ರಂದು ಕಲ್ಕತ್ತೆಯಲ್ಲಿ ಸಿ. ವಿ. ರಾಮನ್‌ರು, ಕೆ. ಎಸ್. ಕೃಷ್ಣನ್‌ರ ಜೊತೆಗಾರಿಕೆಯಲ್ಲಿ, ಒಂದು ಹೊಸ ಸಂಗತಿ ಕಂಡರು. ಒಂದೇ ಬಣ್ಣದ ಬೆಳಕನ್ನು ದ್ರವದ ಮೂಲಕ ಹಾಯಿಸಿದರೆ, ಚದುರಿದ ಬೆಳಕಿನಲ್ಲಿ ಸ್ವಲ್ಪ ಭಾಗ ಬಣ್ಣ ಬದಲಾಯಿಸಿಕೊಂಡು ಬರುತ್ತದೆ. ಬೆಳಕಿನ ನಾಣ್ಯ ಅಣುವಿಗೆ ಬಡಿದು, ಅದನ್ನು ಕಂಪಿಸಲು ಬೇಕಾದಷ್ಟು ಚಿಲ್ಲರೆ ಕೊಟ್ಟು, ತಾನು ಸಣ್ಣ ನಾಣ್ಯವಾಗಿ ಹೊರಬೀಳುತ್ತದೆ. ಎಷ್ಟು ಚಿಲ್ಲರೆ ಹೋಯಿತು ಎಂದು ನೋಡಿದರೆ ಆ ಅಣು ಯಾವುದೆಂದು ಗೊತ್ತಾಗುತ್ತದೆ. ಇದರ ವಿಸ್ತಾರವಾದ ವಿವರಣೆಯನ್ನು ರಾಮನ್‌ರು ಕೊಟ್ಟದ್ದು ಎಲ್ಲಿ? ನಮ್ಮ ಸೆಂಟ್ರಲ್ ಕಾಲೇಜಿನಲ್ಲಿ, ಅದೇ ಮಾರ್ಚಿ ೧೬ರಂದು, ದಕ್ಷಿಣ ಭಾರತ ವಿಜ್ಞಾನ ಸಂಘದ ಸಭೆಯಲ್ಲಿ. ಮೆಜೆಸ್ಟಿಕ್ಕಿಗೆ ಹೋಗುವಾಗ ಆ ಕಡೆ ಹಾಯುವವರು ಆ ಕಲ್ಲುಕಟ್ಟಡವನ್ನು ಒಮ್ಮೆ ನೋಡಿಕೊಳ್ಳಿ. ಔಷಧಿ ಅಸಲಿಯೋ ನಕಲಿಯೋ ಎಂದು ಡಬ್ಬಿ ತೆರೆಯದೆ ಪರೀಕ್ಷಿಸುವ ಕೈಯಂತ್ರಗಳು ಇಂದು ಅದೇ ತತ್ತ್ವದ ಮೇಲೆ ಕೆಲಸ ಮಾಡುತ್ತವೆ.

ಈಗ ಬಿಲ್ಲೆಗೆ ಬರೋಣ. ಕ್ವಾಂಟಮ್ ಎಂಬುದನ್ನು ಬಿಲ್ಲೆಯಲ್ಲಿ ತುಂಬಿಡಲಾಗದು, ಏಕೆಂದರೆ ಅದು ಎಲ್ಲ ವಸ್ತುವಿನಲ್ಲಿಯೂ ಆಗಲೇ ನಡೆಯುತ್ತಿರುವ ವ್ಯವಹಾರ. ನಿಮ್ಮ ಚಪ್ಪಲಿಯಲ್ಲಿಯೂ ಇದೆ, ಬೀದಿಯ ಎಲ್‌ಇಡಿ ದೀಪದಲ್ಲಿಯೂ ಇದೆ. ಅದಕ್ಕಾಗಿ ಸಾವಿರಗಟ್ಟಲೆ ಕೊಡುವುದೆಂದರೆ ಗಾಳಿಗೆ ಕಂದಾಯ ಕಟ್ಟಿದಂತೆ. ಇನ್ನೊಂದು ಸಂಗತಿಯನ್ನು ಮನೆಗೆ ಹೋಗಿ ಹೇಳಿ. ೨೦೨೧ರ ಡಿಸೆಂಬರಿನಲ್ಲಿ ನೆದರ್ಲೆಂಡ್ಸ್ ದೇಶದ ಅಣುಸುರಕ್ಷತಾ ಪ್ರಾಧಿಕಾರ ಇಂಥ ಪದಕ, ಕೈಬಳೆ ಮೊದಲಾದ ಹತ್ತು ವಸ್ತುಗಳನ್ನು ಪರೀಕ್ಷಿಸಿ, ಅವು ನಿಜವಾಗಿಯೂ ವಿಕಿರಣ ಸೂಸುತ್ತವೆ, ಬಹುಕಾಲ ಮೈಮೇಲೆ ಇಟ್ಟುಕೊಂಡರೆ ಹಾನಿಯಾಗಬಹುದು, ತೆಗೆದಿಡಿ ಎಂದು ಜನಕ್ಕೆ ಎಚ್ಚರಿಕೆ ಕೊಟ್ಟಿತು. ನಮ್ಮ ಬೀದಿಯ ಬಿಲ್ಲೆಯಲ್ಲಿ ಏನಿದೆಯೋ ಮಾರುವವರಿಗೂ ಗೊತ್ತಿಲ್ಲ. ಆ ಹುಡುಗರ ಮೇಲೆ ಕೈಮಾಡಬೇಡಿ. ಅವರೂ ಕಮಿಷನ್ನಿನ ಆಸೆಗೆ ಮುಂಗಡ ಕೊಟ್ಟು ಪೆಟ್ಟಿಗೆ ಹೊತ್ತುಕೊಂಡವರು, ಮೇಲೆ ಕುಳಿತವನು ಬೇರೆ.

ಬಿಲ್ಲೆಯವರ ಇನ್ನೊಂದು ಮಾತಿದೆ: "ನೋಡುವವನ ಮನಸ್ಸಿನಿಂದಲೇ ಜಗತ್ತು ಆಗುತ್ತದೆಂದು ಕ್ವಾಂಟಮ್ ವಿಜ್ಞಾನ ಹೇಳಿದೆ, ಒಳ್ಳೆಯದನ್ನು ಯೋಚಿಸಿದರೆ ರೋಗ ಹೋಗುತ್ತದೆ." ಪರಮಾಣುವಿನ ಲೋಕದಲ್ಲಿ ಅಳೆಯುವುದೆಂದರೆ ತಾಗುವುದು. ಪೀಣ್ಯದ ಲೇತಿನ ಮೇಲೆ ಕೆಲಸ ಮಾಡುವವರಿಗೆ ಇದು ಬಲುಬೇಗ ತಿಳಿಯುತ್ತದೆ. ಮೆತ್ತಗಿನ ರಬ್ಬರಿನ ದಪ್ಪವನ್ನು ಮೈಕ್ರೋಮೀಟರಿನಲ್ಲಿ ಹಿಡಿದರೆ ಹಿಡಿತಕ್ಕೇ ಅದು ಅಮುಕಿ ಅಳತೆ ಬದಲಾಗುತ್ತದೆ. ರಬ್ಬರಿನ ವಿಷಯದಲ್ಲಿ ಹಗುರವಾಗಿ ಹಿಡಿದು ಪಾರಾಗಬಹುದು. ಎಲೆಕ್ಟ್ರಾನಿನ ವಿಷಯದಲ್ಲಿ ಒಂದು ಮಿತಿಗಿಂತ ಹಗುರವಾಗಿ ಹಿಡಿಯಲು ಪ್ರಕೃತಿಯೇ ಬಿಡದು. ಎಲ್ಲಿದೆ ಎಂಬುದನ್ನೂ ಎತ್ತ ಎಷ್ಟು ವೇಗದಲ್ಲಿ ಓಡುತ್ತಿದೆ ಎಂಬುದನ್ನೂ ಏಕಕಾಲದಲ್ಲಿ ಪೂರ್ತಿ ಖಚಿತವಾಗಿ ಇಟ್ಟುಕೊಂಡಿರುವುದು ಎಲೆಕ್ಟ್ರಾನಿನ ಗುಣವೇ ಅಲ್ಲ. ಆದರೆ ಅಳೆಯುವುದಕ್ಕೆ ಮನಸ್ಸೇ ಬೇಕೆಂದಿಲ್ಲ. ಬೀಗ ಹಾಕಿದ ಕೋಣೆಯಲ್ಲಿ ಯಾರೂ ಇಲ್ಲದಾಗಲೂ ಯಂತ್ರ ಟಿಕ್ ಎಂದು ದಾಖಲಿಸುತ್ತದೆ. ಅದು ಯಾರ ಒಳ್ಳೆಯ ಯೋಚನೆಗೂ ಕಾಯುವುದಿಲ್ಲ.

ಆಟೋ ಓಡಿಸುವ ತಮ್ಮನೊಬ್ಬನ ಪ್ರಶ್ನೆ: "ಕಾಲ ಒಂದೊಂದು ಕಡೆ ಒಂದೊಂದು ವೇಗದಲ್ಲಿ ಓಡುತ್ತದೆ ಅಂತ ಸಿನಿಮಾದಲ್ಲಿ ತೋರಿಸುತ್ತಾರೆ. ಅದು ಕತೆಯೋ ನಿಜವೋ?"

ನಿಜ. ಆ ನಿಜ ನಿನ್ನ ಆಟೋದಲ್ಲಿಯೇ ಇದೆ, ತಮ್ಮಾ. ಮೊಬೈಲಿನ ನಕ್ಷೆ ನಿನ್ನ ಜಾಗ ತೋರಿಸುವುದು ಹೇಗೆ? ಮೇಲೆ ಸುತ್ತುವ ಉಪಗ್ರಹಗಳು "ಈಗ ಗಂಟೆ ಇಷ್ಟು" ಎಂದು ಸಾರುತ್ತಿರುತ್ತವೆ. ನಾಲ್ಕು ಉಪಗ್ರಹಗಳ ಸಾರಣೆ ಎಷ್ಟೆಷ್ಟು ತಡವಾಗಿ ಬಂದವು ಎಂಬುದರಿಂದ ದೂರಗಳನ್ನು ಲೆಕ್ಕ ಹಾಕಿ ಮೊಬೈಲು ಜಾಗ ಗೊತ್ತುಮಾಡುತ್ತದೆ. ಬೆಳಕು ಸೆಕೆಂಡಿಗೆ ಮೂರು ಲಕ್ಷ ಕಿಲೋಮೀಟರು ಓಡುವುದರಿಂದ, ಸೆಕೆಂಡಿನ ಹತ್ತು ಲಕ್ಷದಲ್ಲಿ ಒಂದು ಪಾಲು ತಪ್ಪಿದರೂ ಮುನ್ನೂರು ಮೀಟರು ತಪ್ಪುತ್ತದೆ. ಈಗ ಐನ್‌ಸ್ಟೈನರ ಮಾತು ಬರುತ್ತದೆ. ೧೯೦೫ರಲ್ಲಿ ಅವರು, ಓಡುವ ಗಡಿಯಾರ ನಿಂತವನ ಲೆಕ್ಕಕ್ಕೆ ನಿಧಾನ ಎಂದರು. ೧೯೧೫ರ ಹೊತ್ತಿಗೆ, ಭೂಮಿಯ ಸೆಳೆತ ಹೆಚ್ಚಿರುವ ಕಡೆ ಗಡಿಯಾರ ನಿಧಾನ, ಎತ್ತರದಲ್ಲಿ ಬೇಗ ಎಂಬುದೂ ಕೂಡಿತು. ಅಮೆರಿಕದ ಜಿಪಿಎಸ್ ಉಪಗ್ರಹಗಳ ಗಡಿಯಾರ ಓಟದ ದೆಸೆಯಿಂದ ದಿನಕ್ಕೆ ೭ ಮೈಕ್ರೋಸೆಕೆಂಡು ಹಿಂದೆ ಬೀಳುತ್ತದೆ, ಎತ್ತರದ ದೆಸೆಯಿಂದ ೪೫ ಮುಂದೆ ಹೋಗುತ್ತದೆ. ಒಟ್ಟಿನಲ್ಲಿ ದಿನಕ್ಕೆ ೩೮ ಮುಂದೆ. ಆ ಹೊತ್ತಿನಲ್ಲಿ ಬೆಳಕು ಓಡುವ ದೂರ ಹನ್ನೊಂದು ಕಿಲೋಮೀಟರಿಗೂ ಹೆಚ್ಚು. ಅದಕ್ಕೆ ಗಡಿಯಾರವನ್ನು ನೆಲದ ಮೇಲಿರುವಾಗಲೇ ಅಷ್ಟು ನಿಧಾನ ಓಡುವಂತೆ ತಿದ್ದಿ ಹಾರಿಸುತ್ತಾರೆ.

ಇದನ್ನು ಮೊದಮೊದಲು ಎಂಜಿನಿಯರುಗಳೇ ನಂಬಲಿಲ್ಲ. ೧೯೭೭ರಲ್ಲಿ ಅಮೆರಿಕದವರು ಹಾರಿಸಿದ ಒಂದು ಪರೀಕ್ಷೆಯ ಉಪಗ್ರಹದಲ್ಲಿ ಈ ತಿದ್ದುಪಡಿಗೆ ಒಂದು ಸ್ವಿಚ್ ಇಟ್ಟು, ಅದನ್ನು ಹಾಕದೆಯೇ ಕಳಿಸಿದರು. ಐನ್‌ಸ್ಟೈನ್ ಸರಿಯೇ ನೋಡೋಣ ಎಂದು. ಇಪ್ಪತ್ತು ದಿನ ನೋಡಿದರು. ಗಡಿಯಾರ ಲೆಕ್ಕ ಹೇಳಿದಷ್ಟೇ ಮುಂದೆ ಓಡಿತ್ತು. ಸ್ವಿಚ್ ಹಾಕಿದರು. ನನಗೆ ಆ ಎಂಜಿನಿಯರುಗಳ ಮೇಲೆ ಬಹಳ ಗೌರವ. ದೊಡ್ಡವರು ಹೇಳಿದರೆಂದು ಒಪ್ಪಲಿಲ್ಲ, ಕಣ್ಣಾರೆ ಕಂಡ ಮೇಲೆ ಹಟ ಮಾಡಲೂ ಇಲ್ಲ.

ನಮ್ಮ ದೇಶದ ನಾವಿಕ್ ಉಪಗ್ರಹಗಳು ಜಿಪಿಎಸ್‌ನವಕ್ಕಿಂತ ಎತ್ತರದಲ್ಲಿ, ಮೂವತ್ತಾರು ಸಾವಿರ ಕಿಲೋಮೀಟರು ಮೇಲೆ ಇವೆ. ಅವುಗಳ ಕಾಲವನ್ನು ಕಾಯುವ ಕೇಂದ್ರ ಇರುವುದು ಕೆಂಗೇರಿಯಾಚೆಯ ಬ್ಯಾಲಾಳುವಿನಲ್ಲಿ. ೨೦೧೩ರ ಮೇ ತಿಂಗಳಲ್ಲಿ ಆರಂಭವಾಯಿತು. ಚಂದ್ರಯಾನಕ್ಕಾಗಿ ೨೦೦೮ರಲ್ಲಿ ನಿಲ್ಲಿಸಿದ ಮೂವತ್ತೆರಡು ಮೀಟರು ಅಗಲದ ಬಟ್ಟಲು ಆಂಟೆನಾ ಇರುವುದೂ ಅಲ್ಲೇ. ನೆಲದ ಮೇಲಿನ ಅಣುಗಡಿಯಾರಗಳು ಅಲ್ಲಿವೆ, ಆಕಾಶದ ಗಡಿಯಾರಗಳನ್ನು ಅವಕ್ಕೆ ಸರಿದೂಗಿಸುತ್ತಾರೆ. ಮೊದಲ ನಾವಿಕ್ ಉಪಗ್ರಹದ ಮೂರು ಗಡಿಯಾರಗಳೂ ಕೆಟ್ಟುಹೋದುವು, ಅವು ಹೊರದೇಶದಿಂದ ತರಿಸಿದವು. ೨೦೨೩ರ ಮೇ ೨೯ರಂದು ಹಾರಿಸಿದ ಉಪಗ್ರಹದಲ್ಲಿ ಇಲ್ಲಿಯೇ ಮಾಡಿದ ರುಬಿಡಿಯಮ್ ಗಡಿಯಾರವಿದೆ. ನಮ್ಮೂರಿನ ಮಗ್ಗುಲಲ್ಲೇ ಹೀಗೆ ಕಾಲವನ್ನು ತಿದ್ದುವ ಕೆಲಸ ನಡೆದಿರುವಾಗ ಅದು ಸಿನಿಮಾದವರ ಕಟ್ಟುಕತೆ ಹೇಗಾದೀತು?

ಇನ್ನು ನಾನು ಬೇಕೆಂದೇ ಹಿಂದಕ್ಕೆ ಇಟ್ಟುಕೊಂಡ ಕಾಗದ. ಬರೆದವರು ಚಿನ್ನದ ಗಣಿಯ ಕಡೆಯಿಂದ ಇಲ್ಲಿಗೆ ಬಂದು ನೆಲೆಸಿದ ಒಬ್ಬ ಹಿರಿಯರು. "ಗಣಿಯ ಒಳಗೆ ವಿಜ್ಞಾನಿಗಳು ಪೆಟ್ಟಿಗೆಗಳನ್ನಿಟ್ಟುಕೊಂಡು ಕಾಯುತ್ತಿದ್ದರು ಎಂದು ನಮ್ಮ ತಂದೆ ಹೇಳುತ್ತಿದ್ದರು. ಚಿನ್ನವಲ್ಲದೆ ಅಲ್ಲಿ ಹುಡುಕಲು ಇನ್ನೇನಿತ್ತು?"

ಆಕಾಶದಿಂದ ನಮ್ಮ ಮೇಲೆ ಸದಾ ಕಣಗಳ ಮಳೆ ಸುರಿಯುತ್ತಿದೆ. ವಿಶ್ವಕಿರಣಗಳು ಗಾಳಿಯ ಮೇಲ್ಪದರಕ್ಕೆ ಬಡಿದಾಗ ಮ್ಯೂಯಾನ್ ಎಂಬ ಕಣಗಳು ಹುಟ್ಟುತ್ತವೆ. ಅಂಗೈ ಚಾಚಿ ಹಿಡಿಯಿರಿ, ಸೆಕೆಂಡಿಗೆ ಒಂದೆರಡು ಮ್ಯೂಯಾನ್ ಅದರ ಮೂಲಕ ಹಾಯ್ದು ಹೋಗುತ್ತಿವೆ. ಮ್ಯೂಯಾನಿನ ಆಯುಷ್ಯ ಸರಾಸರಿ ಎರಡು ಮೈಕ್ರೋಸೆಕೆಂಡು ಚಿಲ್ಲರೆ. ಅಷ್ಟರಲ್ಲಿ ಬೆಳಕಿನ ವೇಗದಲ್ಲಿ ಓಡಿದರೂ ಏಳುನೂರು ಮೀಟರು ದಾಟಲಾಗದು. ಆದರೂ ಹತ್ತು ಹದಿನೈದು ಕಿಲೋಮೀಟರು ಇಳಿದು ನಿಮ್ಮ ಅಂಗೈಗೆ ಬಂದಿದೆ. ಏಕೆಂದರೆ ಓಡುವ ಗಡಿಯಾರ ನಿಧಾನ. ಆಟೋ ತಮ್ಮನ ಪ್ರಶ್ನೆಗೆ ಇದೂ ಉತ್ತರವೇ.

ಇದೇ ಮಳೆಯಲ್ಲಿ ನ್ಯೂಟ್ರಿನೋ ಎಂಬ ಇನ್ನೊಂದು ಕಣವೂ ಬರುತ್ತದೆ. ಅದಿರಲೇಬೇಕೆಂದು ಅದೇ ಪೌಲಿ ೧೯೩೦ರಲ್ಲಿ ಊಹಿಸಿದ್ದರು. ಅದು ಯಾವುದಕ್ಕೂ ಸಿಕ್ಕದ ಕಣ. ಸೂರ್ಯನಿಂದಲೇ ಬರುವ ನ್ಯೂಟ್ರಿನೋಗಳು ಹೆಬ್ಬೆರಳಿನ ಉಗುರಿನಷ್ಟು ಜಾಗದಲ್ಲಿ ಸೆಕೆಂಡಿಗೆ ಆರು ಸಾವಿರ ಕೋಟಿಗೂ ಮೇಲ್ಪಟ್ಟು ಹಾಯುತ್ತವೆ. ನಿಮಗೆ ತಿಳಿಯುವುದೂ ಇಲ್ಲ, ಭೂಮಿಗ್ರಹ ಅವಕ್ಕೆ ಅಡ್ಡಿಯೂ ಅಲ್ಲ. ಎಲ್ಲೋ ಅಪರೂಪಕ್ಕೆ ಒಂದು ಬಂಡೆಯ ಪರಮಾಣುವಿಗೆ ಬಡಿದು ಮ್ಯೂಯಾನನ್ನು ಹುಟ್ಟಿಸುತ್ತದೆ. ಆ ಒಂದನ್ನು ಹಿಡಿಯಬೇಕಾದರೆ ಮೇಲಿನಿಂದ ಸುರಿಯುವ ಮಿಕ್ಕ ಮ್ಯೂಯಾನುಗಳ ಗದ್ದಲ ನಿಲ್ಲಬೇಕು. ಗದ್ದಲ ನಿಲ್ಲುವುದು ನೆಲದ ಆಳದಲ್ಲಿ.

ಆಗ ಜಗತ್ತಿನ ಅತಿ ಆಳದ ಗಣಿಗಳಲ್ಲೊಂದು ನಮ್ಮ ಕೋಲಾರದಲ್ಲಿತ್ತು. ಚಾಂಪಿಯನ್ ರೀಫ್ ಮೂರು ಕಿಲೋಮೀಟರಿಗೂ ಕೆಳಗೆ ಇಳಿದಿತ್ತು. ಹೋಮಿ ಭಾಭಾ ೧೯೩೯ರಿಂದ ಬೆಂಗಳೂರಿನ ಟಾಟಾ ವಿಜ್ಞಾನ ಮಂದಿರದಲ್ಲಿ ವಿಶ್ವಕಿರಣಗಳ ಕೆಲಸ ಮಾಡಿದವರು. ಅವರ ಮೂಲಭೂತ ಸಂಶೋಧನಾ ಸಂಸ್ಥೆ ೧೯೪೫ರಲ್ಲಿ ಇಲ್ಲಿಯೇ ಹುಟ್ಟಿ ಆ ವರ್ಷವೇ ಮುಂಬಯಿಗೆ ಹೋಯಿತು. ಆ ಸಂಸ್ಥೆಯಿಂದ, ಮೈಸೂರು ಸೀಮೆಯವರೇ ಆದ ಬಿ. ವಿ. ಶ್ರೀಕಂಠನ್ ೧೯೫೦ರ ದಶಕದ ಆರಂಭದಲ್ಲಿ ಯಂತ್ರಗಳೊಂದಿಗೆ ಗಣಿಗೆ ಇಳಿದರು. ಆಳ ಹೆಚ್ಚಿದಂತೆ ಮ್ಯೂಯಾನುಗಳು ಎಷ್ಟು ಕಡಿಮೆಯಾಗುತ್ತವೆ ಎಂದು ಹಂತಹಂತವಾಗಿ ಅಳೆದರು. ಅತಿ ಆಳದಲ್ಲಿ ಎರಡು ತಿಂಗಳ ಹತ್ತಿರ ಕಾದರೂ ಒಂದೂ ಬರಲಿಲ್ಲ. ಬೇರೆಯವರಾಗಿದ್ದರೆ ಕೈಚೆಲ್ಲುತ್ತಿದ್ದರು. ಇವರು ನ್ಯೂಟ್ರಿನೋ ಹಿಡಿಯಲು ತಕ್ಕ ಜಾಗ ಇದೇ ಎಂದರು. ಎಂ. ಜಿ. ಕೆ. ಮೆನನ್, ಶ್ರೀಕಂಠನ್, ಅವರ ಸಂಗಡಿಗರು, ಜಪಾನಿನ ಒಸಾಕ ಮತ್ತು ಇಂಗ್ಲೆಂಡಿನ ಡರ್ಹಮ್ ವಿಶ್ವವಿದ್ಯಾಲಯದವರು ಸೇರಿ, ೨.೩ ಕಿಲೋಮೀಟರು ಆಳದ ಸುರಂಗದಲ್ಲಿ ಗೋಡೆಯಂತೆ ಎದುರುಬದುರಾಗಿ ಯಂತ್ರಗಳನ್ನು ನಿಲ್ಲಿಸಿದರು. ಏಕೆ ಗೋಡೆಯಂತೆ? ಮೇಲಿನಿಂದ ಅಳಿದುಳಿದ ಮ್ಯೂಯಾನು ಬಂದರೆ ನೆಟ್ಟಗೆ ಬರುತ್ತದೆ, ಏಕೆಂದರೆ ಅದೇ ಗಿಡ್ಡ ದಾರಿ. ಅಡ್ಡಡ್ಡ ಬಂದರೆ ಅದು ಹತ್ತಾರು ಕಿಲೋಮೀಟರು ಬಂಡೆ ಸೀಳಿ ಬಂದಿರಬೇಕು, ಮ್ಯೂಯಾನಿಗೆ ಅದು ಅಸಾಧ್ಯ. ಆದ್ದರಿಂದ ಅಡ್ಡ ಬಂದದ್ದು ಪಕ್ಕದ ಬಂಡೆಯಲ್ಲಿ ನ್ಯೂಟ್ರಿನೋ ಹುಟ್ಟಿಸಿದ್ದು. ೧೯೬೫ರಲ್ಲಿ ಅಂಥ ಅಡ್ಡಗೆರೆಗಳು ಕಂಡವು. ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೋವನ್ನು ಮನುಷ್ಯ ಕಂಡದ್ದು ಅದೇ ವರ್ಷ, ಕೋಲಾರದಲ್ಲಿ ಮತ್ತು ದಕ್ಷಿಣ ಆಫ್ರಿಕದ ಇನ್ನೊಂದು ಚಿನ್ನದ ಗಣಿಯಲ್ಲಿ. ಕೋಲಾರದವರ ಲೇಖನ ಆಗಸ್ಟ್ ೧೫ರಂದು ಅಚ್ಚಾಯಿತು. ಆಫ್ರಿಕದವರದು ಅದೇ ತಿಂಗಳು ೩೦ರಂದು.

ಆ ಲೇಖನದ ತಲೆಯಲ್ಲಿ ವಿಜ್ಞಾನಿಗಳ ಹೆಸರುಗಳಿವೆ, ಇರಬೇಕಾದ್ದೇ. ಆದರೆ ಆ ಸುರಂಗವನ್ನು ಕೊರೆದವರು ಯಾರು? ೧೮೮೦ರಿಂದ ಜಾನ್ ಟೇಲರ್ ಕಂಪನಿಯ ಕೈಕೆಳಗೆ, ಅತಿ ಆಳದಲ್ಲಿ ಬಂಡೆಯ ಬಿಸಿ ಅರುವತ್ತು ಡಿಗ್ರಿ ಮೀರಿದ ಕಡೆ, ಬಂಡೆ ಸಿಡಿದು ಸತ್ತು, ಕಲ್ಲಿನ ದೂಳು ಕುಡಿದು ಎದೆ ಒಣಗಿ ಸತ್ತು, ತಲೆಮಾರುಗಟ್ಟಲೆ ಕೊರೆದವರು ಗಣಿಯ ಕೂಲಿಗಳು. ಅವರಲ್ಲಿ ಬಹುಪಾಲು ದಲಿತರು. ಶಿವನಸಮುದ್ರದ ವಿದ್ಯುತ್ತು ೧೯೦೨ರಲ್ಲಿ ಮೊದಲು ಹೋದದ್ದು ಆ ಗಣಿಗೆ, ಅವರ ಗುಡಿಸಲಿಗಲ್ಲ. ಅವರು ಚಿನ್ನಕ್ಕಾಗಿ ತೋಡಿದ ತೂತಿನಲ್ಲಿ ಕುಳಿತು ಜಗತ್ತು ವಾತಾವರಣದ ನ್ಯೂಟ್ರಿನೋವನ್ನು ಕಂಡಿತು. ಹಿರಿಯರೇ, ನಿಮ್ಮ ತಂದೆಯವರ ಪ್ರಶ್ನೆಗೆ ಇದು ಉತ್ತರ: ಅಲ್ಲಿ ಹುಡುಕುತ್ತಿದ್ದುದು ಇದನ್ನೇ. ಅವರು ಇಳಿದ ಪಂಜರದಲ್ಲಿಯೇ ಆ ಪೆಟ್ಟಿಗೆಗಳೂ ಇಳಿದವು.

೧೯೮೦ರಿಂದ ಅದೇ ಗಣಿಯಲ್ಲಿ ೧೪೦ ಟನ್ನಿನ ಕಬ್ಬಿಣದ ಯಂತ್ರ ಇಟ್ಟು, ಪ್ರೋಟಾನು ಎಂದಾದರೂ ಸಾಯುತ್ತದೆಯೇ ಎಂದು ನೋಡಿದರು. ಸತ್ತಂತೆ ಕಾಣುವ ಕೆಲವು ಗುರುತು ಸಿಕ್ಕವು ಎಂದರು. ಜಪಾನು ಅಮೆರಿಕಗಳ ದೊಡ್ಡ ನೀರಿನ ತೊಟ್ಟಿಗಳಲ್ಲಿ ಅದು ಸ್ಥಿರಪಡಲಿಲ್ಲ. ಇಂದಿನವರೆಗೂ ಪ್ರೋಟಾನಿನ ಸಾವನ್ನು ಯಾರೂ ಕಂಡಿಲ್ಲ. ೨೦೦೧ರ ಫೆಬ್ರವರಿ ೨೮ರಂದು ಗಣಿ ಮುಚ್ಚಿತು. ರಾಮನ್‌ರ ನೆನಪಿಗೆ ದೇಶವೆಲ್ಲ ವಿಜ್ಞಾನ ದಿನ ಆಚರಿಸುವ ದಿನವೇ ಅದು. ಸುರಂಗಗಳಲ್ಲಿ ನೀರು ತುಂಬಿದೆ, ಮೇಲೆ ಸೈನೈಡ್ ದಿಬ್ಬಗಳಿವೆ. ಆ ಮನೆಗಳ ಮಕ್ಕಳು ಮುಂಜಾನೆ ಮಾರಿಕುಪ್ಪದಲ್ಲಿ ರೈಲು ಹತ್ತಿ ಬೆಂಗಳೂರಿಗೆ ಕೆಲಸಕ್ಕೆ ಬರುತ್ತಾರೆ. ಜಪಾನಿನವರು ೧೯೯೮ರಲ್ಲಿ ಅದೇ ವಾತಾವರಣದ ನ್ಯೂಟ್ರಿನೋಗಳನ್ನು ನೋಡಿ, ಅವಕ್ಕೆ ತೂಕವುಂಟು ಎಂದು ಸಿದ್ಧಪಡಿಸಿದರು. ಅದಕ್ಕೆ ೨೦೧೫ರ ನೊಬೆಲ್ ಬಂತು.

"ಇಷ್ಟೆಲ್ಲ ಖರ್ಚು ಮಾಡಿ ಬಡವನಿಗೇನು ಬಂತು?" ಎಂಬ ಕಾಗದ ಮೂರು ಜನರಿಂದ ಬಂದಿದೆ. ಈ ಪ್ರಶ್ನೆಯನ್ನು ಹಗುರ ಮಾಡುವವರನ್ನು ಕಂಡರೆ ನನಗೆ ಆಗದು. ತಮಿಳುನಾಡಿನ ತೇನಿ ಜಿಲ್ಲೆಯಲ್ಲಿ ಗುಡ್ಡದೊಳಗೆ ಹೊಸ ನ್ಯೂಟ್ರಿನೋ ಕೇಂದ್ರ ಕಟ್ಟಲು ೨೦೧೫ರ ಜನವರಿಯಲ್ಲಿ ಕೇಂದ್ರ ಸಂಪುಟ ಒಪ್ಪಿತು, ಸುಮಾರು ಸಾವಿರದ ಐನೂರು ಕೋಟಿ ರೂಪಾಯಿ. ಅಲ್ಲಿನ ಜನ ನಮ್ಮ ನೀರಿಗೇನಾದೀತು, ಗುಡ್ಡಕ್ಕೇನಾದೀತು ಎಂದು ಎದುರು ನಿಂತರು, ನ್ಯಾಯಾಲಯದವರೆಗೆ ಹೋದರು. ನ್ಯೂಟ್ರಿನೋ ಅಪಾಯ ಎಂದು ಕೆಲವರು ಹಬ್ಬಿಸಿದ್ದು ಸುಳ್ಳು, ಅದು ಈಗಲೂ ನಿಮ್ಮ ಉಗುರಿನ ಮೂಲಕ ಹಾಯುತ್ತಿದೆ. ಆದರೆ ಗುಡ್ಡ ಸಿಡಿಸುವ ಮದ್ದಿನ ಬಗ್ಗೆ, ನೀರಿನ ಬಗ್ಗೆ ಕೇಳಿದ್ದು ಸುಳ್ಳು ಪ್ರಶ್ನೆಯಲ್ಲ. ಅದಕ್ಕೆ ಮೊದಲೇ, ಅವರ ಭಾಷೆಯಲ್ಲಿ, ಅವರ ಊರಿನ ಕಟ್ಟೆಯ ಮೇಲೆ ಕುಳಿತು ಉತ್ತರ ಹೇಳಬೇಕಿತ್ತು. ಬಡವನಿಗೇನು ಬಂತು ಎಂದರೆ, ಫೋಟೋದ ಕಾಗದ ಏಕೆ ಕಪ್ಪಾಗುತ್ತದೆ ಎಂದು ಕೇಳಿದ್ದರಿಂದ ಎಲ್‌ಇಡಿ ಬಂತು, ಸೂರ್ಯಫಲಕ ಬಂತು. ನ್ಯೂಟ್ರಿನೋದಿಂದ ಏನೂ ಬರದೆಯೂ ಇರಬಹುದು. ಹಾಗಿದ್ದರೂ ತಿಳಿಯಬೇಕೆಂಬ ಆಸೆ ಹೊಟ್ಟೆ ತುಂಬಿದವರಿಗೆ ಮಾತ್ರ ಇರುವುದೆಂದು ನಾನು ಒಪ್ಪಲಾರೆ. ಈ ಹದಿನೇಳು ಕಾಗದಗಳು ನನ್ನ ಸಾಕ್ಷಿ. ಇವುಗಳಲ್ಲಿ ಹನ್ನೊಂದು ಸಂಬಳದ ಚೀಟಿಯ ಹಿಂಬದಿಯಲ್ಲಿ ಬರೆದವು.

ಹೊತ್ತಾಯಿತು, ಬಸ್ಸು ಹಿಡಿಯುವವರಿದ್ದಾರೆ. ಉಳಿದ ಎರಡಕ್ಕೆ ಬೇಗ ಹೇಳುತ್ತೇನೆ. "ಸೂರ್ಯ ಉರಿದು ಉರಿದು ಸವೆಯುವುದಿಲ್ಲವೇ?" ಸವೆಯುತ್ತಾನೆ, ಸೆಕೆಂಡಿಗೆ ನಲವತ್ತು ಲಕ್ಷ ಟನ್ನಿಗೂ ಮೇಲೆ. ಆ ತೂಕವೇ ಬೆಳಕಾಗಿ ಬರುತ್ತಿರುವುದು. ಆದರೂ ಇನ್ನು ಐನೂರು ಕೋಟಿ ವರ್ಷಕ್ಕೆ ಸಾಲುವಷ್ಟು ಉರುವಲಿದೆ. "ಮಹಾಸ್ಫೋಟಕ್ಕೆ ಮೊದಲು ಏನಿತ್ತು?" ಇದಕ್ಕೆ ಇಂದಿನವರೆಗೆ ಯಾರಲ್ಲಿಯೂ ಅಳೆದು ನೋಡಿದ ಉತ್ತರವಿಲ್ಲ. ಇದೆಯೆಂದು ಹೇಳಿ ಯಾರಾದರೂ ಬಾಗಿಲಿಗೆ ಬಂದರೆ, ಅವರ ಪೆಟ್ಟಿಗೆಯಲ್ಲಿ ಬಿಲ್ಲೆ ಇದೆಯೇ ಎಂದು ಮೊದಲು ನೋಡಿಕೊಳ್ಳಿ.